ಬಾಲ್ ಬೇರಿಂಗ್ ಟರ್ಬೊಗೆ ಆಯಿಲ್ ರಿಸ್ಟ್ರಿಕ್ಟರ್: ಹಾಸನದಲ್ಲೇ ಲೇತ್‌ನಲ್ಲಿ ಮಾಡಿಸಬಹುದಾ?

ಹೊಯ್ಸಳ ಟರ್ಬೊ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಸ್ಕೋಡಾ ಆಕ್ಟೇವಿಯಾ ಕಾರು, 1.8 ಟರ್ಬೊ ಪೆಟ್ರೋಲ್. ಅದರಲ್ಲಿದ್ದ ಕೆ03 ಟರ್ಬೊ ಸವೆದಿದೆ, ಶಾಫ್ಟ್ ಆಡುತ್ತದೆ, ಕಂಪ್ರೆಸರ್ ವೀಲ್ ಹೌಸಿಂಗ್‌ಗೆ ಉಜ್ಜಿದ ಗುರುತೂ ಇದೆ. ಅದರ ಬದಲು ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಗ್ಯಾರೆಟ್ ಜಿಟಿ28 ಬಾಲ್ ಬೇರಿಂಗ್ ಟರ್ಬೊ ತಗೊಂಡೆ. ಮ್ಯಾನಿಫೋಲ್ಡ್, ಡೌನ್‌ಪೈಪ್, ಆಯಿಲ್ ಲೈನ್ ಎಲ್ಲ ಜೊತೆಗೇ ಬಂತು, ಆದರೆ ಆಯಿಲ್ ಇನ್‌ಲೆಟ್‌ನಲ್ಲಿ ರಿಸ್ಟ್ರಿಕ್ಟರ್ (ಟರ್ಬೊಗೆ ಹೋಗುವ ಆಯಿಲ್ ತಗ್ಗಿಸುವ ಸಣ್ಣ ತೂತಿನ ತುಂಡು) ಇಲ್ಲ. ಅಡಾಪ್ಟರ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಆರಪಾರ ಬೆಳಕು ಬರುತ್ತದೆ.

ರೆಡಿಮೇಡ್ ಆರ್ಡರ್ ಮಾಡಿದರೆ ಹೊರದೇಶದಿಂದ ಬರಬೇಕು, ಅಷ್ಟರಲ್ಲಿ ಮಳೆ ಹಿಡಿದುಕೊಳ್ಳುತ್ತದೆ, ಗಾಡಿ ನೋಡಿದರೆ ಶೆಡ್‌ನಲ್ಲಿ ಸ್ಟ್ಯಾಂಡ್ ಮೇಲೆ ನಿಂತಿದೆ. ಬಿ.ಎಂ. ರೋಡ್ ಕಡೆ ಲೇತ್ ಅಂಗಡಿಗಳಿಗೇನೂ ಕೊರತೆ ಇಲ್ಲ, ಹಾಗಾಗಿ ಇಲ್ಲೇ ಮಾಡಿಸೋಣ ಅಂತ. ತೂತು ಎಷ್ಟಿರಬೇಕು? ಹಿತ್ತಾಳೆ ಸಾಕಾ, ಸ್ಟೀಲೇ ಬೇಕಾ? ಫಿಲ್ಟರ್ ಹೌಸಿಂಗ್ ಕಡೆ ಹಾಕಬೇಕಾ, ಟರ್ಬೊ ಕಡೆನಾ? ಒಬ್ಬ ಸ್ನೇಹಿತ ಮಿಗ್ ವೆಲ್ಡಿಂಗ್ ಟಿಪ್ ಕತ್ತರಿಸಿ ಒಳಗೆ ತೂರಿಸು ಅನ್ನುತ್ತಾನೆ. ಇನ್ನೊಬ್ಬ ತೋಟಕ್ಕೆ ಬೋರ್ಡೊ ಹೊಡೆಯುವ ಸ್ಪ್ರೇಯರ್‌ನ ನಾಜಲ್ ಬಿಲ್ಲೆ ಹಾಕು ಅನ್ನುತ್ತಾನೆ. ಮಾಡಿದವರು, ಅದಕ್ಕಿಂತ ಮುಖ್ಯವಾಗಿ ಅಳೆದು ನೋಡಿದವರು, ದಯವಿಟ್ಟು ಹೇಳಿ.

ಕೈಮರದವ, ಚಿಕ್ಕಮಗಳೂರು

ಸರ್, ಧಾರಾಳವಾಗಿ ಮಾಡಿಸಿ. ಮಾಡುವುದು ಸುಲಭ, ತೂತು ಸರಿ ಇದೆಯಾ ಅಂತ ತಿಳಿಯುವುದಕ್ಕೆ ಮಾತ್ರ ಆಯಿಲ್ ಪ್ರೆಶರ್ ಗೇಜ್ ಬೇಕು. ಗೇಜ್ ಹಾಕುವ ಮನಸ್ಸಿಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ನಿಮ್ಮ ಹಳೇ ಕೆ03 ಜರ್ನಲ್ ಬೇರಿಂಗಿನದು. ಅಲ್ಲಿ ಶಾಫ್ಟ್ ಬುಷ್ ಒಳಗೆ ಆಯಿಲ್ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಆಯಿಲೇ ಬೇರಿಂಗ್, ಆಯಿಲೇ ಕೂಲಿಂಗ್, ಅದಕ್ಕೇ ಅದಕ್ಕೆ ಆಯಿಲ್ ಜಾಸ್ತಿ ಬೇಕು. ಬಾಲ್ ಬೇರಿಂಗ್‌ಗೆ ಅಷ್ಟು ಬೇಡ. ಫಿಲ್ಟರ್ ಹೌಸಿಂಗ್‌ನಿಂದ ಬರುವ ಪೂರ್ತಿ ಪ್ರೆಶರ್ ನೇರ ಒಳಗೆ ಬಿಟ್ಟರೆ ಬೇರಿಂಗ್ ಇರುವ ಸೆಂಟರ್ ಹೌಸಿಂಗ್ ತುಂಬಿಕೊಳ್ಳುತ್ತದೆ, ಕೆಳಗಿನ ಡ್ರೈನ್‌ಗೆ ಅಷ್ಟನ್ನೂ ಇಳಿಸಲು ಆಗುವುದಿಲ್ಲ. ಟರ್ಬೊ ಒಳಗಿನ ಸೀಲ್ ಅಂದರೆ ಗೇರ್‌ಬಾಕ್ಸ್‌ನಲ್ಲಿ ಇರುವಂಥ ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗ್ ತರಹದ ಸಣ್ಣ ಕಬ್ಬಿಣದ ರಿಂಗ್. ಒಳಗೆ ಆಯಿಲ್ ನಿಂತರೆ ಅದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಎಕ್ಸಾಸ್ಟ್‌ನ ಟರ್ಬೈನ್ ಕಡೆ ಸೋರಿದರೆ ನೀಲಿ ಹೊಗೆ, ಗಾಳಿ ಒತ್ತುವ ಕಂಪ್ರೆಸರ್ ಕಡೆ ಸೋರಿದರೆ ಇಂಟರ್‌ಕೂಲರ್ (ಆ ಗಾಳಿ ತಣಿಸುವ ರೇಡಿಯೇಟರ್) ಪೈಪ್‌ಗಳಲ್ಲಿ ಆಯಿಲ್.

ಗ್ಯಾರೆಟ್ ಬಾಲ್ ಬೇರಿಂಗ್‌ಗೆ ಸಾಮಾನ್ಯವಾಗಿ ಹೇಳುವುದು 0.040 ಇಂಚು, ಅಂದರೆ ಹತ್ತಿರ ಹತ್ತಿರ 1 ಎಂಎಂ ತೂತು. ಆದರೆ ನಿಜವಾದ ಗುರಿ ತೂತಲ್ಲ, ಪ್ರೆಶರ್. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಹೆಚ್ಚಿನ ಆರ್‌ಪಿಎಂನಲ್ಲಿ ಟರ್ಬೊ ಇನ್‌ಲೆಟ್ ಹತ್ತಿರ 40ರಿಂದ 45 ಪಿಎಸ್‌ಐ ಸಿಗಬೇಕು. ರಿಸ್ಟ್ರಿಕ್ಟರ್ ದಾಟಿದ ಮೇಲಿನ ಲೆಕ್ಕ ಇದು. ಗೇಜನ್ನು ರಿಸ್ಟ್ರಿಕ್ಟರ್‌ಗಿಂತ ಮುಂಚೆ ಹಾಕಿದರೆ ಇಂಜಿನ್ ಪ್ರೆಶರ್ ಕಾಣುತ್ತದೆ ಅಷ್ಟೇ, ಪ್ರಯೋಜನ ಇಲ್ಲ.

ಇನ್ನೊಂದು, ಕೆಲವು ಹೊಸ ಟರ್ಬೊಗಳಲ್ಲಿ ರಿಸ್ಟ್ರಿಕ್ಟರ್ ಒಳಗೇ ಇರುತ್ತದೆ. ಗ್ಯಾರೆಟ್‌ನ ಜಿ ಸೀರೀಸ್ ಹಾಗೆ. ಅಡಾಪ್ಟರ್ ಮಾತ್ರ ಅಲ್ಲ, ಅದನ್ನು ಬಿಚ್ಚಿ ಟರ್ಬೊದ ಇನ್‌ಲೆಟ್ ತೂತಿನೊಳಗೂ ಟಾರ್ಚ್ ಹಾಕಿ ನೋಡಿ. ಎರಡೆರಡು ಸೇರಿದರೆ ಬೇರಿಂಗ್ ಒಣಗುತ್ತದೆ. ಹೊಗೆ ಬಂದರೆ ಕ್ಲೀನ್ ಮಾಡಬಹುದು, ಬೇರಿಂಗ್ ಹೋದರೆ ಟರ್ಬೊನೇ ಹೋಯಿತು. ಮತ್ತೆ ಜಿಟಿ28ಗೆ ವಾಟರ್ ಲೈನ್ ಎರಡೂ ಕಡೆ ಕೊಡಲೇಬೇಕು. ಆಯಿಲ್ ಇದೆಯಲ್ಲಾ ಅಂತ ಅದನ್ನು ಬಿಡುವವರನ್ನು ನೋಡಿದ್ದೇನೆ.

ತ್ರೀ ಜಾ ಚಕ್, ಹಾಸನ

ಹೊಯ್ಸಳ ಅವರೇ, ನಾನು ಲೇತ್ ಕೆಲಸದವನು, ಹೇಗೆ ಮಾಡಿಸಬೇಕು ಅಂತ ಹೇಳುತ್ತೇನೆ.

ವೆಲ್ಡಿಂಗ್ ಟಿಪ್ ಬೇಡ. ಅದರ ಮೇಲೆ ಬರೆದಿರುವುದು ವೈರ್ ಸೈಜ್, ತೂತು ಅದಕ್ಕಿಂತ ದೊಡ್ಡದಿರುತ್ತದೆ. ಅದೂ ಅಲ್ಲದೆ ಸುಮ್ನೆ ಒಳಗೆ ತೂರಿಸಿದ್ದು ಬಿಸಿಗೆ ಸಡಿಲವಾಗಿ ಜಾರಿದರೆ ನೇರ ಟರ್ಬೊ ಬಾಯಿಗೆ. ಸ್ಪ್ರೇಯರ್ ಬಿಲ್ಲೆ ಇನ್ನೂ ಕೆಟ್ಟದು. ಬೋರ್ಡೊದಲ್ಲಿ ಸುಣ್ಣ ಇರುತ್ತದಲ್ಲ, ಅದು ತೂತನ್ನು ತಿಂದು ಹಿಗ್ಗಿಸಿರುತ್ತದೆ. ಕಾರ್ಬ್ಯುರೇಟರ್ ಜೆಟ್ ಒಂದು ಮಟ್ಟಿಗೆ ಪರವಾಗಿಲ್ಲ, ಆದರೆ ಕೆಲವು ಕಂಪನಿ ಜೆಟ್‌ನ ನಂಬರ್ ತೂತಿನ ಅಳತೆ, ಕೆಲವರದ್ದು ಫ್ಲೋ ಲೆಕ್ಕ. ನಂಬರ್ ನಂಬಬೇಡಿ.

ನಾನು ಮಾಡುವ ರೀತಿ ಹೀಗೆ. ಟರ್ಬೊ ಇನ್‌ಲೆಟ್ ಅಡಾಪ್ಟರನ್ನೇ ತಗೊಂಡು ಲೈನ್ ಬರುವ ಬಾಯಿಯಿಂದ ಎಂ5 ಟ್ಯಾಪ್ ಹೊಡೆಯುತ್ತೇನೆ, ಅಂದರೆ ಒಳಗೆ 5 ಎಂಎಂ ಸ್ಕ್ರೂ ಮರೆ ತೆಗೆಯುತ್ತೇನೆ. ಪೂರ್ತಿ ಕೊನೆಯವರೆಗೆ ಹೊಡೆಯುವುದಿಲ್ಲ, ಟರ್ಬೊ ಕಡೆ ಸ್ವಲ್ಪ ಮೆಟ್ಟಿಲು ಉಳಿಸುತ್ತೇನೆ. ಸಣ್ಣ ತೂತಿನ ಪ್ಲಗ್ಗನ್ನು ಅದರೊಳಗೆ ತಿರುಗಿಸಿ ಕೂರಿಸಿದರೆ ಆಯಿಲ್ ಪ್ರೆಶರ್ ಅದನ್ನು ಆ ಮೆಟ್ಟಿಲಿಗೇ ಒತ್ತುತ್ತದೆ, ಎಷ್ಟೇ ಸಡಿಲವಾದರೂ ಟರ್ಬೊ ಒಳಗೆ ಹೋಗಲು ದಾರಿ ಇಲ್ಲ. ಪ್ಲಗ್‌ಗೆ ಹಿತ್ತಾಳೆ ರಾಡ್ ಸಾಕು. ಗ್ರಬ್ ಸ್ಕ್ರೂನಲ್ಲೇ (ತಲೆ ಇಲ್ಲದ ಸ್ಕ್ರೂ) ತೂತು ಹಾಕಿ ಅನ್ನುತ್ತಾರೆ, ಆದರೆ ಅದು ಹಾರ್ಡ್ ಮಾಡಿದ ಮಾಲು, 1 ಎಂಎಂ ಡ್ರಿಲ್ ಬಿಟ್ ಪಟ್ ಅಂತ ಮುರಿದು ಒಳಗೇ ಉಳಿಯುತ್ತದೆ. ಹಿತ್ತಾಳೆ ರಾಡ್ ಚಕ್‌ಗೆ ಹಿಡಿಸಿ, ಡೈ ಹಾಕಿ ಎಂ5 ಮರೆ ತೆಗೆದು, ಹಿಂದಿನಿಂದ 2.5 ಎಂಎಂ ಡ್ರಿಲ್‌ನಲ್ಲಿ ಮುಕ್ಕಾಲು ಪಾಲು ಕೊರೆಯಿರಿ. ಮುಂದೆ 2 ಎಂಎಂ ದಪ್ಪ ಉಳಿಯಲಿ. ಆ 2 ಎಂಎಂ ಮಾತ್ರ 1 ಎಂಎಂ ಬಿಟ್‌ನಲ್ಲಿ. ಮೊದಲು ಸೆಂಟರ್ ಡ್ರಿಲ್ ಕಡ್ಡಾಯ, ಆಮೇಲೆ ಜೋರು ಸ್ಪೀಡಲ್ಲಿ, ಒಂದೊಂದು ಕೂದಲಷ್ಟೇ ಒಳಗೆ ಬಿಟ್ಟು ಹೊರಗೆ ತೆಗೆಯುತ್ತಾ ಚೂರು ಬೀಳಿಸಬೇಕು. ತೂತು ಉದ್ದ ಇದ್ದಷ್ಟೂ ತಡೆ ಜಾಸ್ತಿ, ಅದಕ್ಕೇ ಚಿಕ್ಕದಾಗಿ ಇಡುವುದು. ತಲೆಯಲ್ಲಿ ಸ್ಕ್ರೂಡ್ರೈವರ್‌ಗೆ ಒಂದು ಸೀಳು ಕೊಯ್ಯಿರಿ.

ಅಳತೆ ನೋಡುವುದಕ್ಕೆ ವರ್ನಿಯರ್ ಕೆಲಸಕ್ಕೆ ಬಾರದು. ಡ್ರಿಲ್ ಬಿಟ್‌ನ ಹಿಂಬದಿಯನ್ನು ತೂರಿಸಿ. 1.0 ಹೋಗಬೇಕು, 1.1 ಹೋಗಬಾರದು. ಸಣ್ಣ ವ್ಯತ್ಯಾಸ ಅಂತ ಬಿಡಬೇಡಿ. 1.0ಕ್ಕೆ ಬದಲು 1.2 ಆದರೆ ತೂತಿನ ವಿಸ್ತೀರ್ಣ 44 ಪರ್ಸೆಂಟ್ ಹೆಚ್ಚುತ್ತದೆ, 1.5 ಆದರೆ ಎರಡೂಕಾಲು ಪಟ್ಟು. ಎರಡೂ ಕಡೆ ಬರ್ (ಅಂಚಿನಲ್ಲಿ ಉಳಿದ ಚೂಪು ಚೂರು) ತೆಗೆದು, ಪೆಟ್ರೋಲ್‌ನಲ್ಲಿ ತೊಳೆದು, ಗಾಳಿ ಹೊಡೆದು, ಬೆಳಕಿಗೆ ಹಿಡಿದು ನೋಡಿ. ಒಂದು ಹಿತ್ತಾಳೆ ಚೂರು ಸಾಕು ಆ ಬೇರಿಂಗ್ ತೆಗೆಯೋಕೆ.

ಟೆಫ್ಲಾನ್ ಟೇಪ್ ಈ ಲೈನ್‌ನಲ್ಲಿ ಎಲ್ಲೂ ಬೇಡ. ಎಳೆ ಬಿಟ್ಟುಕೊಂಡರೆ 1 ಎಂಎಂ ತೂತಿಗೇ ಬಂದು ಕೂರುತ್ತದೆ. ತಾಮ್ರದ ವಾಷರ್ ಪ್ರತಿಸಲ ಹೊಸದು ಹಾಕಿ.

ಆಲ್ದೂರು ಡೀಸೆಲ್

ಅಣ್ಣಾ, ಮಧ್ಯೆ ಕೇಳುತ್ತಿದ್ದೇನೆ, ಬೇಜಾರಾಗಬೇಡಿ. ನಮ್ಮದು ಸ್ವಿಫ್ಟ್ ಡೀಸೆಲ್, 1.3. ತೋಟದ ರಸ್ತೆಯಲ್ಲಿ ನಿಧಾನಕ್ಕೆ ಬಂದು ಟಾರ್ ರೋಡಲ್ಲಿ ಒತ್ತಿದರೆ ನೀಲಿ ಹೊಗೆ ಬರುತ್ತದೆ, ಇಂಟರ್‌ಕೂಲರ್ ಪೈಪ್‌ನಲ್ಲಿ ಆಯಿಲ್ ಜಿಡ್ಡು ಜಾಸ್ತಿ ಇದೆ. ಮೆಕ್ಯಾನಿಕ್ ಟರ್ಬೊ ಬದಲಿಸಬೇಕು ಅಂದರು. ಇಂಥದ್ದೇ ಒಂದು ರಿಸ್ಟ್ರಿಕ್ಟರ್ ಹಾಕಿದರೆ ನಿಲ್ಲುತ್ತಾ?

ಕೈಮರದವ, ಚಿಕ್ಕಮಗಳೂರು

ತಮ್ಮಾ, ಬೇಡವೇ ಬೇಡ. ನಿಮ್ಮದು ಜರ್ನಲ್ ಬೇರಿಂಗ್, ಆ ಸಣ್ಣ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸಿಗೆ ಹೋಗುತ್ತದೆ. ಅದಕ್ಕೆ ಆಯಿಲ್ ಕಡಿಮೆ ಮಾಡಿದರೆ ಹೊಗೆ ನಿಲ್ಲಬಹುದು, ಸ್ವಲ್ಪ ದಿನಕ್ಕೆ ಶಾಫ್ಟೂ ನಿಲ್ಲುತ್ತದೆ. ಕಂಪನಿಯವರು ಇಟ್ಟ ಲೈನ್‌ಗೆ ಕೈ ಹಾಕಬೇಡಿ.

ಟರ್ಬೊ ಬದಲಿಸುವ ಮುಂಚೆ ಏರ್ ಫಿಲ್ಟರ್ ತೆಗೆದು ನೋಡಿ. ತೋಟದ ಮಣ್ಣು ತುಂಬಿ ಕಟ್ಟಿಕೊಂಡಿದ್ದರೆ ಕಂಪ್ರೆಸರ್ ಮುಂದೆ ಎಳೆತ ಹೆಚ್ಚಿ ಸೀಲ್ ದಾಟಿಸಿ ಆಯಿಲ್ ಹೀರಿಕೊಳ್ಳುತ್ತದೆ. ಆಮೇಲೆ ಬ್ರೀದರ್ ಪೈಪ್. ಇಂಜಿನ್ ಓಡುವಾಗ ಆಯಿಲ್ ಕ್ಯಾಪ್ ತೆಗೆದರೆ ಗಾಳಿ ಜೋರಾಗಿ ದಬ್ಬುತ್ತಿದೆಯಾ ನೋಡಿ. ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಇದ್ದರೆ ಟರ್ಬೊ ಡ್ರೈನ್ ಇಳಿಯುವುದಿಲ್ಲ, ಯಾಕೆಂದರೆ ಅದು ಬರೀ ಇಳಿಜಾರಿನ ಮೇಲೆ ನಡೆಯುವುದು, ಅದರಲ್ಲಿ ಪಂಪ್ ಇಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮ್ಯಾಕ್ಸ್ ಗೆರೆ ದಾಟಿದೆಯಾ ಅದೂ ನೋಡಿ, ಸರ್ವಿಸ್‌ನಲ್ಲಿ ಜಾಸ್ತಿ ಸುರಿಯುವುದು ಮಾಮೂಲಿ. ಇದೆಲ್ಲ ಸರಿ ಇದ್ದು, ಇನ್‌ಲೆಟ್ ಪೈಪ್ ಬಿಚ್ಚಿ ಶಾಫ್ಟ್ ಅಲ್ಲಾಡಿಸಿದಾಗ ವೀಲ್ ಹೌಸಿಂಗ್‌ಗೆ ತಾಗಿದರೆ ಆಗ ಮೆಕ್ಯಾನಿಕ್ ಹೇಳಿದ್ದು ನಿಜ.

ಹೊಯ್ಸಳ ಅವರೇ, ಡ್ರೈನ್ ಮಾತು ನಿಮಗೂ ಅನ್ವಯ. ಹೋಸ್ ಒಳಗಿನ ತೂತು ಕನಿಷ್ಠ ಅರ್ಧ ಇಂಚು ಇರಲಿ, ಎಲ್ಲೂ ತಗ್ಗಾಗಿ ಜೋತು ಬೀಳಬಾರದು, ಸಂಪ್‌ನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಟರ್ಬೊ ಕೂರಿಸುವಾಗ ಡ್ರೈನ್ ಬಾಯಿ ನೇರ ಕೆಳಕ್ಕೆ ಇರಲಿ, ವಾಲಿದರೂ 35 ಡಿಗ್ರಿ ಮೀರಬಾರದು. ಡ್ರೈನ್ ಕೆಟ್ಟಿದ್ದರೆ ತೂತನ್ನು ಅರ್ಧಕ್ಕೆ ಇಳಿಸಿದರೂ ಹೊಗೆ ಬರುತ್ತದೆ, ಆಗ ಜನ ಇನ್ನೂ ಸಣ್ಣ ತೂತು ಮಾಡಿ ಬೇರಿಂಗ್ ಸುಡುತ್ತಾರೆ. ನಿಮ್ಮ ಇಂಜಿನ್‌ಗೆ ಸ್ಲಡ್ಜ್ (ಹಳೇ ಆಯಿಲಿನ ಕೆಸರು) ಕಟ್ಟುವ ಹೆಸರೂ ಇದೆ, ಸಂಪ್ ಇಳಿಸಿ ಪಿಕಪ್ ಜಾಲರಿ ತೊಳೆದು, ಒಳ್ಳೆಯ ಫುಲ್ ಸಿಂಥೆಟಿಕ್ ಹಾಕಿ. ಫೀಡ್ ಲೈನ್‌ಗೆ ಸಣ್ಣ ಇನ್‌ಲೈನ್ ಫಿಲ್ಟರ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದನ್ನು ಪ್ರತಿ ಸರ್ವಿಸ್‌ಗೂ ಬಿಚ್ಚಿ ನೋಡಬೇಕು.

ಮುಂದೆ ಘಾಟಿಯಲ್ಲಿ ಹೊಗೆ ಕಂಡರೆ ಟರ್ಬೊನೇ ಅಂತ ಹಾರಬೇಡಿ. ಚಾರ್ಮಾಡಿಯಲ್ಲಿ ಗೇರ್ ಹಿಡಿತದಲ್ಲೇ ಉದ್ದಕ್ಕೂ ಇಳಿದು, ಕೆಳಗೆ ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ ಬುಸ್ ಅಂತ ಬಂದರೆ ಪೆಟ್ರೋಲ್ ಗಾಡಿಯಲ್ಲಿ ಅದು ಹೆಚ್ಚಾಗಿ ವಾಲ್ವ್ ಸೀಲ್ ಅಥವಾ ಗೈಡ್. ಐಡಲ್‌ನಲ್ಲಿ ತುಂಬಾ ಹೊತ್ತು ನಿಂತು ಹೊರಟಾಗ ಬಂದರೆ ಟರ್ಬೊ, ಡ್ರೈನ್ ಕಡೆ ನೋಡಿ.

ಹೊಯ್ಸಳ ಟರ್ಬೊ, ಹಾಸನ

ಇಬ್ಬರಿಗೂ ತುಂಬಾ ಧನ್ಯವಾದ. ತ್ರೀ ಜಾ ಚಕ್ ಅವರು ಹೇಳಿದ ಹಾಗೇ ಹಿತ್ತಾಳೆ ಪ್ಲಗ್ ಮಾಡಿಸಿದೆ. ಟರ್ಬೊ ಇನ್‌ಲೆಟ್ ಒಳಗೆ ಬೇರೆ ರಿಸ್ಟ್ರಿಕ್ಟರ್ ಇಲ್ಲ, ನೋಡಿಕೊಂಡೆ. ಇಗ್ನಿಷನ್ ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಇನ್‌ಲೆಟ್‌ಗೆ ಸ್ವಲ್ಪ ಆಯಿಲ್ ಸುರಿದು, ಡ್ರೈನ್‌ನಲ್ಲಿ ಆಯಿಲ್ ಕಾಣುವವರೆಗೆ ಬರೀ ಸೆಲ್ಫ್ ಹೊಡೆದೆ, ಆಮೇಲೆ ಸ್ಟಾರ್ಟ್. ಟಿ ಫಿಟ್ಟಿಂಗ್ ಇಟ್ಟು ರಿಸ್ಟ್ರಿಕ್ಟರ್ ಆದ ಮೇಲೆ ಮೆಕ್ಯಾನಿಕಲ್ ಗೇಜ್ ಹಾಕಿದ್ದೇನೆ. ತಣ್ಣಗಿದ್ದಾಗ ಮುಳ್ಳು 50 ದಾಟುತ್ತದೆ. ಸಕಲೇಶಪುರದ ತನಕ ಹೋಗಿ ಬಂದು, ಬಿಸಿ ಇರುವಾಗಲೇ ನೋಡಿದರೆ 6,000 ಆರ್‌ಪಿಎಂನಲ್ಲಿ 36 ಪಿಎಸ್‌ಐ. ಹೊಗೆ ಒಂಚೂರೂ ಇಲ್ಲ. 36 ಕಡಿಮೆ ಆಯಿತಲ್ವಾ? ಇದೇ ಪ್ಲಗ್ಗನ್ನು ಕೈ ಡ್ರಿಲ್‌ನಲ್ಲಿ 1.1ಕ್ಕೆ ಹಿಗ್ಗಿಸಲಾ?

ತ್ರೀ ಜಾ ಚಕ್, ಹಾಸನ

ಕೈ ಡ್ರಿಲ್ ಬೇಡ. 1.0 ತೂತಿಗೆ 1.1 ಬಿಟ್ ಹಾಕಿದರೆ ತುದಿ ಕಚ್ಚಿಕೊಂಡು ತೂತು ಮೂರು ಮೂಲೆ ಆಗುತ್ತದೆ, ಅಳತೆ ಎಷ್ಟು ಬಂತು ಅಂತ ಹೇಳಲು ಆಗುವುದಿಲ್ಲ. ಹೊಸ ಪ್ಲಗ್ ತಿರುಗಿಸಿ, ನೇರ 1.1 ಬಿಟ್‌ನಲ್ಲೇ ಕೊರೆಸಿ. ವಿಸ್ತೀರ್ಣ 21 ಪರ್ಸೆಂಟ್ ಹೆಚ್ಚುತ್ತದೆ, 40ರ ಮೇಲೆ ಬರಬೇಕು. ಅಲ್ಲಿಯವರೆಗೆ ಬೂಸ್ಟ್‌ಗೆ ಹೋಗದೆ, ಅಂದರೆ ಟರ್ಬೊ ಗಾಳಿ ಒತ್ತುವಷ್ಟು ಆಕ್ಸಿಲರೇಟರ್ ಒತ್ತದೆ, ಓಡಿಸಿ. 1.0 ಪ್ಲಗ್ಗಿನ ತಲೆ ಮೇಲೆ ಸೈಜ್ ಕೊರೆದು ಎತ್ತಿಡಿ, ಇಲ್ಲದಿದ್ದರೆ ಮುಂದೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ.

ಆಲ್ದೂರು ಡೀಸೆಲ್

ಕೈಮರದಣ್ಣ, ಏರ್ ಫಿಲ್ಟರ್ ತೆಗೆದೆ, ಮಡಿಕೆಗಳ ಮಧ್ಯೆ ಕೆಂಪು ಮಣ್ಣು ಗಟ್ಟಿಯಾಗಿ ಕೂತಿದೆ, ತಟ್ಟಿದರೂ ಬೀಳುತ್ತಿಲ್ಲ. ಶಾಫ್ಟ್ ಸ್ವಲ್ಪ ಅಕ್ಕಪಕ್ಕ ಆಡುತ್ತದೆ, ಆದರೆ ಹೌಸಿಂಗ್‌ಗೆ ತಾಗುವುದಿಲ್ಲ. ಹೊಸ ಫಿಲ್ಟರ್ ಹಾಕಿ ಇಂಟರ್‌ಕೂಲರ್ ಪೈಪ್ ತೊಳೆಯುತ್ತೇನೆ. ಇಂಟರ್‌ಕೂಲರ್ ಒಳಗಿನ ಆಯಿಲನ್ನೂ ತೆಗೆಯಬೇಕಾ?

ಕೈಮರದವ, ಚಿಕ್ಕಮಗಳೂರು

ತೆಗೆಯಲೇಬೇಕು. ಅಲ್ಲಿ ನಿಂತಿರುವ ಆಯಿಲ್ ಪೂರ್ತಿ ಸುಟ್ಟು ಮುಗಿಯುವವರೆಗೆ ಹೊಗೆ ಬರುತ್ತಲೇ ಇರುತ್ತದೆ, ನೀವು ಟರ್ಬೊ ಹೋಗಿದೆ ಅಂದುಕೊಳ್ಳುತ್ತೀರಿ. ಡೀಸೆಲ್ ಇಂಜಿನ್ ಆ ಆಯಿಲನ್ನೇ ಹೀರಿ ತಾನಾಗಿ ರೇಸ್ ಆಗುವ ಅಪಾಯವೂ ಇದೆ. ಬಿಚ್ಚಿ ಬಗ್ಗಿಸಿ ಬಸಿದು, ಪೆಟ್ರೋಲ್‌ನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಒಂದಿಷ್ಟು ದಿನ ಓಡಿಸಿ ಡಿಪ್‌ಸ್ಟಿಕ್ ಮಟ್ಟ ಇಳಿಯುತ್ತದಾ ನೋಡಿ ಹೇಳಿ.