ಸಹಾಯ ಬೇಕು: ಮಗಳ ಮೊಣಕೈ ಮುರಿತಕ್ಕೆ ಪ್ಲಾಸ್ಟರ್ ಸಾಕಾ, ಆಪರೇಷನ್ ಬೇಕಾ?

ಎಲ್ಲರಿಗೂ ನಮಸ್ಕಾರ. ನನ್ನ 6 ವರ್ಷದ ಮಗಳು ಜಾರುಬಂಡೆಯಿಂದ ಬಿದ್ದು ಎಡ ಮೊಣಕೈ ಹತ್ತಿರ ಮೂಳೆ ಮುರಿದಿದೆ. ಸುಪ್ರಾಕಾಂಡೈಲರ್ ಮುರಿತ (ಮೊಣಕೈಗಿಂತ ಸ್ವಲ್ಪ ಮೇಲೆ ತೋಳಿನ ಮೂಳೆ ಮುರಿಯುವುದು), ಗಾರ್ಟ್‌ಲ್ಯಾಂಡ್ ಟೈಪ್ 2 (ಮೂಳೆ ಎಷ್ಟು ಜರುಗಿದೆ ಎಂದು ಹೇಳುವ ವರ್ಗೀಕರಣ). ಮೂಳೆ ಹಿಂದಕ್ಕೆ ಬಾಗಿದೆ, ಪೂರ್ತಿ ಬೇರೆಯಾಗಿಲ್ಲ. ಟೈಪ್ 1 ಆಗಿದ್ದರೆ ಪ್ಲಾಸ್ಟರ್ ಸಾಕು, ಟೈಪ್ 3ಕ್ಕೆ ಸಾಮಾನ್ಯವಾಗಿ ಆಪರೇಷನ್ನೇ. ನಮ್ಮದು ನಡುವಿನದು, ಅದೇ ಚಿಂತೆ.

ಒಬ್ಬ ಡಾಕ್ಟರು ಮೂಳೆ ಕೂರಿಸಿ ಪ್ಲಾಸ್ಟರ್ ಹಾಕೋಣ, ಎಕ್ಸ್‌ರೇ ತೆಗೆದು ನೋಡುತ್ತಿರೋಣ ಎನ್ನುತ್ತಾರೆ. ಇನ್ನೊಬ್ಬರು, ಪ್ಲಾಸ್ಟರ್ ಒಳಗೆ ಮೂಳೆ ಜರುಗಿದರೆ ಕೈ ಸೊಟ್ಟಗಾಗಬಹುದು, ಅರಿವಳಿಕೆ ಕೊಟ್ಟು ಮೂಳೆ ಹಿಡಿದಿಡಲು ತಂತಿ ಹಾಕಿಬಿಡೋಣ, 3-4 ವಾರಕ್ಕೆ ತೆಗೆಯಬಹುದು ಎನ್ನುತ್ತಾರೆ. ಸದ್ಯ ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ಕಟ್ಟಿದ್ದಾರೆ. ಬೆರಳು ಚೆನ್ನಾಗಿ ಆಡಿಸುತ್ತಾಳೆ, ಬೆಚ್ಚಗಿವೆ, ಜೋಮಿಲ್ಲ.

ನಿಮ್ಮ ಮಕ್ಕಳಿಗೆ ಇದೇ ಟೈಪ್ 2 ಆಗಿದ್ದರೆ ಏನು ಮಾಡಿಸಿದಿರಿ? ಕೈ ಮೊದಲಿನಂತೆ ಮಡಚಲು ಎಷ್ಟು ಸಮಯ ಹಿಡಿಯಿತು? ಮಕ್ಕಳ ಮೂಳೆ ಡಾಕ್ಟರು ಯಾರಾದರೂ ಇದ್ದರೆ, ಒಪ್ಪಿಗೆ ಕೊಡುವ ಮೊದಲು ಏನೇನು ಕೇಳಬೇಕು ಅಂತ ದಯವಿಟ್ಟು ತಿಳಿಸಿ. ಜಾಸ್ತಿ ಹೊತ್ತಿಲ್ಲ, ನಾಳೆ ಬೆಳಗ್ಗೆ ತೀರ್ಮಾನ ಹೇಳಬೇಕು.