ತೊಗರಿ ಹೂ ಉದುರುತ್ತಿದೆ, ಜಿಂಕ್, ಬೋರಾನ್ ಥರದ ಲಘು ಪೋಷಕಾಂಶ ಹೊಡೆದರೆ ನಿಲ್ಲುತ್ತದಾ?

ಎರೆಹೊಲ: ನಮಸ್ಕಾರ ರೀ. ಆಳಂದ ಕಡೆ 4 ಎಕರೆ ತೊಗರಿ ಇದೆ, ಟಿಎಸ್-3ಆರ್ ತಳಿ, ಮಳೆ ಆಶ್ರಯ. ಎದೆಮಟ್ಟ ಬೆಳೆದಿದೆ, ಹೂ ಅರ್ಧದಷ್ಟು ಬಂದಿದೆ. ಆದರೆ ಬೆಳಿಗ್ಗೆ ಸಾಲಿನಲ್ಲಿ ಹೋದರೆ ನೆಲವೆಲ್ಲ ಹಳದಿ. ಅಂಗಡಿಯವರು ಜಿಂಕ್, ಬೋರಾನ್, ಅಮಿನೋ, ಮತ್ತೊಂದು ಯಾವುದೋ ಟಾನಿಕ್ ಅಂತ ಎಕರೆಗೆ 1,800 ರೂಪಾಯಿ ಚೀಟಿ ಬರೆದುಕೊಟ್ಟಿದ್ದಾರೆ. ಇಳುವರಿ ನಿಜವಾಗಿ ಜಾಸ್ತಿ ಆಗುತ್ತದಾ, ಸುಮ್ನೆ ದುಡ್ಡು ಹೋಗುತ್ತದಾ?

ಕಾಗಿಣಾ ದಂಡೆ: ಗಾಬರಿ ಆಗಬೇಡಿ ಅಣ್ಣಾ, ತೊಗರಿ ಬಿಟ್ಟ ಹೂವಿನಲ್ಲಿ ಬಹುಪಾಲು ಉದುರಿಯೇ ಉದುರುತ್ತದೆ, ಅದರ ಗುಣವೇ ಅದು. ಇನ್ನಷ್ಟು ಹೂ ಕಾಯಿಗೆ ನಿಂತರೆ ನಾವು ಗೆದ್ದ ಹಾಗೆ. ಆ ಚೀಟಿ ಬದಿಗಿಡಿ. ರಾಯಚೂರು ಕೃಷಿ ವಿವಿಯವರ ಪಲ್ಸ್ ಮ್ಯಾಜಿಕ್ ಅಂತ ಬೇಳೆಕಾಳು ಬೆಳೆಗೆ ಸಿಂಪಡಿಸುವ ಪುಡಿ ಇದೆಯಲ್ಲ, ಅದರಲ್ಲಿ ಸಾರಜನಕ, ರಂಜಕ, ಲಘು ಪೋಷಕಾಂಶದ ಜೊತೆ ಹೂ ಹಿಡಿದಿಡುವ ಪ್ರಚೋದಕವೂ ಇರುತ್ತದೆ. ಎಕರೆಗೆ 2 ಕೆಜಿ, 200 ಲೀಟರ್ ನೀರು. ಅಂದರೆ 15 ಲೀಟರಿನ ಪಂಪಿಗೆ 150 ಗ್ರಾಂ. ಈಗೊಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ. ಹೋದ ವರ್ಷ ನಾನು ಬದುವಿನ ಕಡೆ ನಾಲ್ಕು ಸಾಲು ಹೊಡೆಯದೇ ಬಿಟ್ಟಿದ್ದೆ, ಕಾಯಿ ಗೊಂಚಲು ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತಿತ್ತು. ತೂಕ ಮಾಡಲಿಲ್ಲ, ಎಷ್ಟು ಕ್ವಿಂಟಲ್ ಅಂತ ಕೇಳಬೇಡಿ ಮತ್ತೆ.

ಕೂರಿಗೆ: ಜಿಂಕ್ ಕೆಲಸ ಬಿತ್ತನೆಗೆ ಮುಂಚೆಯೇ ಮುಗಿಯಬೇಕು ರೀ. ನಮ್ಮ ಎರೆ ಮಣ್ಣಲ್ಲಿ ಸುಣ್ಣ ಜಾಸ್ತಿ, ರಸಸಾರ (ಪಿಎಚ್) 8 ದಾಟಿರುತ್ತದೆ, ಜಿಂಕ್, ಕಬ್ಬಿಣ ನೆಲದಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. 2009ರಲ್ಲಿ ಸರ್ಕಾರದ ಭೂಚೇತನ ಯೋಜನೆ ಶುರುವಾಯಿತಲ್ಲ, ಆಗ ಮಣ್ಣು ಪರೀಕ್ಷೆ ಮಾಡಿದಾಗ ಒಣಬೇಸಾಯದ ಹೊಲಗಳಲ್ಲಿ ಗಂಧಕ, ಜಿಂಕ್, ಬೋರಾನ್ ಮೂರರದ್ದೂ ಕೊರತೆ ಕಂಡಿತ್ತು. ಮುಂದಿನ ಸಲ ಎಕರೆಗೆ 6 ಕೆಜಿ ಜಿಂಕ್ ಸಲ್ಫೇಟ್ ಮಣ್ಣಿಗೆ ಕೊಡಿ. ಡಿಎಪಿ ಗೊಬ್ಬರದ ಜೊತೆ ಮಾತ್ರ ಬೆರೆಸಬೇಡಿ, ಅದರಲ್ಲಿನ ರಂಜಕ ಜಿಂಕನ್ನು ಕಟ್ಟಿಹಾಕುತ್ತದೆ, ಎರಡೂ ಗಿಡಕ್ಕೆ ದಕ್ಕುವುದಿಲ್ಲ. ನಾನು ಮೂರು ವರ್ಷ ಒಂದೇ ಬುಟ್ಟಿಯಲ್ಲಿ ಕಲಸಿ ಬಿತ್ತಿದ ಪುಣ್ಯಾತ್ಮ. ಬೋರಾನ್ ಹುಷಾರು. ಪರಾಗ ಮೊಳೆಯೋಕೆ ಅದು ಬೇಕು, ಆದರೆ ಚೂರೇ ಚೂರು. ಜಾಸ್ತಿ ಆದರೆ ಎಲೆ ಅಂಚು ಸುಡುತ್ತದೆ. ಆ ಟಾನಿಕ್ಕಿನಲ್ಲೂ ಬೋರಾನ್ ಇದೆಯಾ ಅಂತ ಲೇಬಲ್ ನೋಡಿ.

ಹೊಲದಾಕಿ: ಒಂದು ಮಾತು ಅಣ್ಣಾ, ಹೂವೇ ಬರದ ಗಿಡ ಇವೆಯಾ? ಎಲೆ ಸಣ್ಣದಾಗಿ, ತಿಳಿಹಸಿರು ಮಚ್ಚೆಯಾಗಿ, ಗಿಡ ಪೊದೆ ಥರ ಆಗಿದ್ದರೆ ಅದು ಗೊಡ್ಡು ರೋಗ. ನುಸಿಯಿಂದ ಹರಡುವ ವೈರಸ್ಸು, ಯಾವ ಪೋಷಕಾಂಶಕ್ಕೂ ಬಗ್ಗುವುದಿಲ್ಲ. ಕೊರತೆ ಇದ್ದರೆ ಹಾಗಲ್ಲ. ಕಬ್ಬಿಣ ಕಡಿಮೆ ಆದರೆ ಎಳೆ ಎಲೆ ಹಳದಿ ಆಗಿ ನರ ಮಾತ್ರ ಹಸಿರು ಉಳಿಯುತ್ತದೆ.

ಎರೆಹೊಲ: ಹಳ್ಳದ ಕಡೆ ಐದಾರು ಗಿಡ ನೀವು ಹೇಳಿದ ಹಾಗೇ ಇವೆ ಅಕ್ಕಾ! ಬಲ ಕಮ್ಮಿ ಆಗಿದೆ ಅಂತ ಅವಕ್ಕೆ ಯೂರಿಯಾ ಬೇರೆ ಉಗ್ಗಿದ್ದೆ. ನಾಳೆನೇ ಕಿತ್ತು ಸುಡುತ್ತೇನೆ. ಪಲ್ಸ್ ಮ್ಯಾಜಿಕ್ 2 ಎಕರೆಗೆ ಹೊಡೆದು ಉಳಿದದ್ದು ಹಾಗೇ ಬಿಡುತ್ತೇನೆ, ರಾಶಿ ಮಾಡುವಾಗ ಬೇರೆ ಬೇರೆ ತೂಗಿದರಾಯಿತು. ಕಾಯಿಕೊರಕ ಹುಳಕ್ಕೆ ಹೊಡೆಯುವ ಔಷಧಿ ಜೊತೆ ಬೆರೆಸಬಹುದಾ?

ಕಾಗಿಣಾ ದಂಡೆ: ಮೊದಲು ಒಂದು ಮಗ್ಗಿನಲ್ಲಿ ಎರಡೂ ಕಲಸಿ ಅರ್ಧ ಗಂಟೆ ಬಿಟ್ಟು ನೋಡಿ. ಹಾಲು ಒಡೆದ ಹಾಗೆ ಆದರೆ ಬೇಡ. ತೂಕ ಮಾತ್ರ ಇಲ್ಲಿ ಹಾಕಲೇಬೇಕು ನೋಡಿ.