ಸ್ಯಾನ್ ಫ್ರಾನ್ಸಿಸ್ಕೋದ 45 ಅಡಿ ಹೆಣ್ಣು: ಇದರಲ್ಲಿ ಶಕ್ತಿ ಎಲ್ಲಿದೆ?

ಹುಬ್ಬಳ್ಳಿ_ಹುಡುಗಿ
ಫೆರ್ರಿ ಬಿಲ್ಡಿಂಗ್ ಎದುರು ಎಂಬಾರ್ಕಡೆರೋ ಪ್ಲಾಜಾದಲ್ಲಿ 2025ರ ಏಪ್ರಿಲ್‌ನಲ್ಲಿ ನಿಲ್ಲಿಸಿದ 'ಆರ್-ಎವಲ್ಯೂಷನ್' ಪ್ರತಿಮೆ ನೋಡಿದವರು ಯಾರಾದ್ರೂ ಇದ್ದೀರಾ? ಊರಿಂದ ಬಂದಿದ್ದ ಅತ್ತೆ, ಮಾವನನ್ನು ಕರೆದುಕೊಂಡು ಹೋಗಿದ್ದೆ. ಮಾವ ಒಂದು ಸಲ ನೋಡಿ ಸೀದಾ ನೀರಿನ ಕಡೆ ನಡೆದುಬಿಟ್ಟರು. ಅತ್ತೆ ಮಾತ್ರ ಸುತ್ತ ತಿರುಗಿ ನೋಡಿದರು, ಏನೂ ಹೇಳಲಿಲ್ಲ. ಸ್ತ್ರೀಶಕ್ತಿ ಅಂತಾರೆ, ಮೈಮೇಲೆ ಬಟ್ಟೆ ಇಲ್ಲ, ಮಾಡಿದ್ದೂ ಒಬ್ಬ ಗಂಡಸು. ನಾನು ಚೆನ್ನಮ್ಮ ಸರ್ಕಲ್ ನೋಡಿಕೊಂಡು ಬೆಳೆದವಳು. ಕುದುರೆ, ಎತ್ತಿ ಹಿಡಿದ ಕತ್ತಿ ಕಂಡರೆ ಶಕ್ತಿ ಅಂತ ಗೊತ್ತಾಗುತ್ತೆ. ಇದನ್ನು ಹೇಗೆ ನೋಡಬೇಕು?

ಕಬ್ಬಿಣದ_ಕೆಲಸ
ಹತ್ತಿರ ಹೋಗಿ ನೋಡಿ ಮೇಡಂ. ಇದರ ಶಿಲ್ಪಿ ಮಾರ್ಕೊ ಕೊಕ್ರೇನ್ ಮೊದಲು ಮಣ್ಣಿನಲ್ಲಿ ಕೈಯಿಂದಲೇ ಮಾಡಿ ಆಮೇಲೆ ದೊಡ್ಡದು ಮಾಡಿದ್ದು. ಒಳಗೆ ಉಕ್ಕಿನ ಸರಳುಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸುಗೆ ಹಾಕಿದ್ದಾರೆ, ಮೇಲೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ, ಹಾಗಾಗಿ ಮೈ ಮೂಲಕ ಆಕಾಶ ಕಾಣುತ್ತೆ. ಎದೆಯೊಳಗೆ ಮೋಟಾರ್ ಇದೆ, ಅದು ಓಡುವಾಗ ಅವಳು ಉಸಿರಾಡುತ್ತಾಳೆ! ಮೊದಲು ಯೂನಿಯನ್ ಸ್ಕ್ವೇರ್‌ನಲ್ಲಿ ನಿಲ್ಲಿಸೋಣ ಅಂತಿದ್ದರು, ಕೆಳಗೆ ಕಾರ್ ಪಾರ್ಕಿಂಗ್ ಇರೋದರಿಂದ ತೂಕ ತಡೆಯಲ್ಲ ಅಂತ ಆ ಯೋಚನೆ ಕೈಬಿಟ್ಟರು. ರಾತ್ರಿ ದೀಪ ಹಾಕಿದಾಗ ಇನ್ನೂ ಚೆನ್ನಾಗಿರುತ್ತೆ.

ಓದುಗಿ
ಕೆಲಸ ಅದ್ಭುತ, ಒಪ್ಪುತ್ತೇನೆ. ಆದರೆ ಅಕ್ಕ ಕೇಳಿದ್ದು ಬೇರೆ. ಇದು ಮೊದಲು ನಿಂತಿದ್ದು 2015ರಲ್ಲಿ, ನೆವಾಡಾ ಮರುಭೂಮಿಯ ಬರ್ನಿಂಗ್ ಮ್ಯಾನ್ ಉತ್ಸವದಲ್ಲಿ. ಅಲ್ಲಿಗೆ ಹೋಗುವವರು ಇಂಥದ್ದನ್ನು ನೋಡಬೇಕು ಅಂತಲೇ ಹೋಗುತ್ತಾರೆ. ಆಫೀಸಿಗೆ ಓಡುವವರ ದಾರಿಯಲ್ಲಿ ತಂದು ನಿಲ್ಲಿಸಿದರೆ ಪ್ರಶ್ನೆ ಏಳುತ್ತೆ, ಏಳಲೇಬೇಕು. ನಗರದ ಕಲಾಕೃತಿಗಳಲ್ಲಿ ತೋರಿಸುವ ನಿಜವಾದ ವ್ಯಕ್ತಿಗಳಲ್ಲಿ ಕನಿಷ್ಠ ಶೇ. 30ರಷ್ಟಾದರೂ ಹೆಣ್ಣುಮಕ್ಕಳಿರಬೇಕು ಅಂತ ಇದೇ ಊರು 2018ರಲ್ಲಿ ನಿಯಮ ಮಾಡಿದೆ. ಮುಖ್ಯ ಲೈಬ್ರರಿ ಹತ್ತಿರ 2024ರಲ್ಲಿ ಅಮೆರಿಕದ ಕವಯಿತ್ರಿ ಮಾಯಾ ಏಂಜೆಲೊ ಸ್ಮಾರಕ ಬಂತು, ಲಾವಾ ಥಾಮಸ್ ಅನ್ನುವ ಕಲಾವಿದೆ ಮಾಡಿದ್ದು. ಒಂಬತ್ತು ಅಡಿಯ ಕಂಚಿನ ಪುಸ್ತಕ, ಅದರ ಮೇಲೆ ಆಕೆಯ ಮುಖ. ಹೆಸರಿರುವ, ಮಾತಿರುವ ಹೆಣ್ಣು. ನನಗೆ ಅದೇ ಜಾಸ್ತಿ ಇಷ್ಟ.

ಹುಬ್ಬಳ್ಳಿ_ಹುಡುಗಿ
ಉಸಿರಾಡುವ ವಿಷಯ ಗೊತ್ತೇ ಇರಲಿಲ್ಲ, ನಾವು ಹೋದಾಗ ಸುಮ್ನೆ ನಿಂತಿದ್ದಳು. ಆದರೂ ಗಂಡಸು ಮಾಡಿದ್ದು ಅನ್ನೋದು ಮನಸ್ಸಿಂದ ಹೋಗ್ತಿಲ್ಲ.

ಸಾನ್_ಹೋಸೆ_ಸವಿತಾ
ಕೊಕ್ರೇನ್ ಚಿಕ್ಕವನಿದ್ದಾಗ ಅವನ ಗೆಳತಿಯೊಬ್ಬಳ ಮೇಲೆ ಅತ್ಯಾಚಾರವಾಗಿತ್ತಂತೆ, ಅದರಿಂದಲೇ ಈ ಕೆಲಸ ಶುರುವಾಯ್ತು ಅಂತ ಅವನೇ ಹೇಳಿಕೊಂಡಿದ್ದಾನೆ. ಮೂರು ಹೆಣ್ಣುಗಳ ಸಾಲಿನಲ್ಲಿ ಇದು ಮೂರನೆಯದು. ಎರಡನೆಯದು 55 ಅಡಿ, ಸ್ಯಾನ್ ಲಿಯಾಂಡ್ರೊದಲ್ಲಿದೆ. ಹೆಂಗಸರು ಸುರಕ್ಷಿತವಾಗಿದ್ದರೆ ಲೋಕ ಹೇಗಿರುತ್ತಿತ್ತು ಅನ್ನೋ ಪ್ರಶ್ನೆಯನ್ನು ಅದರ ಬುಡದಲ್ಲಿ ಬರೆಸಿದ್ದಾನೆ. ಚೆನ್ನಮ್ಮನಿಗೆ ಕತ್ತಿ ಬೇಕಾಯ್ತು, ಎದುರಿಗೆ ಕಂಪನಿ ಸೈನ್ಯ ಇತ್ತು. ಇವಳು ಯಾರ ಜೊತೆಗೂ ಯುದ್ಧಕ್ಕೆ ನಿಂತಿಲ್ಲ, ಕೈ ಇಳಿಬಿಟ್ಟು ಆರಾಮಾಗಿ ನಿಂತಿದ್ದಾಳೆ. ಕತ್ತಲಾದ ಮೇಲೆ ಪಾರ್ಕಿಂಗ್ ಲಾಟ್‌ನಲ್ಲಿ ಕೀ ಗಟ್ಟಿಯಾಗಿ ಹಿಡಿದು ನಡೆಯುವ ನನಗೆ ಆ ನಿಲುವೇ ಶಕ್ತಿ ಅನ್ನಿಸುತ್ತೆ. ನಿಮ್ಮ ಅತ್ತೆಯನ್ನೇ ಒಮ್ಮೆ ಕೇಳಿ, ಸುತ್ತಿ ಸುತ್ತಿ ಏನು ನೋಡಿದರು ಅಂತ.